‘ಸಿಕ್ಕರೆ ಸರಿ, ಇಲ್ಲದಿದ್ದರೆ ಬಿಡು’: ಕೈರೋ ಲೈಬ್ರರಿಯನ್ನು ಸೋರ್ಸ್ ಕೋಡ್‌ನಿಂದ ಕಟ್ಟುವ ಬಗ್ಗೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕುಳಿತಿರುವ ಹೆಚ್ಚಿನವರಿಗೆ ಇಂದು ನಾನು ಹೇಳುವ ಕೆಲಸದ ಅಗತ್ಯವೇ ಬೀಳುವುದಿಲ್ಲ. ಲಿನಕ್ಸ್‌ನಲ್ಲಿ ಚಿತ್ರ ಬಿಡಿಸುವ ಲೈಬ್ರರಿ ಬೇಕಾದರೆ ಪ್ಯಾಕೇಜ್ ಮ್ಯಾನೇಜರ್‌ಗೆ ಒಂದು ಸಾಲು ಹೇಳಿದರೆ ಸಾಕು, ತಂದು ಕೂರಿಸುತ್ತದೆ. ಅದೇ ಸರಿಯಾದ ದಾರಿ ಕೂಡ. ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡುವುದು ಶೌರ್ಯದ ಕೆಲಸ ಎಂದು ಯಾರಾದರೂ ಹೇಳಿದ್ದರೆ ಅದನ್ನು ನಂಬಬೇಡಿ. ಅಗತ್ಯ ಬಿದ್ದಾಗ ಮಾತ್ರ ಮಾಡುವ ಕೆಲಸ ಇದು.

ಅಗತ್ಯ ಯಾವಾಗ ಬೀಳುತ್ತದೆ? ಒಂದು ನಿಜವಾದ ಉದಾಹರಣೆಯನ್ನೇ ಇಟ್ಟುಕೊಳ್ಳೋಣ. ಕೈರೋ ಎಂಬ ಲೈಬ್ರರಿ ನಿಮಗೆ ಗೊತ್ತಿರಬಹುದು. ಗೆರೆ, ವಕ್ರರೇಖೆ, ಬಣ್ಣ, ಅಕ್ಷರ ಎಲ್ಲವನ್ನೂ ಎರಡು ಆಯಾಮದಲ್ಲಿ ಬಿಡಿಸುತ್ತದೆ. ಒಂದೇ ಕೋಡ್‌ನಿಂದ ಪರದೆಗೂ ಪಿಎನ್‌ಜಿ ಚಿತ್ರಕ್ಕೂ ಪಿಡಿಎಫ್‌ಗೂ ಎಸ್‌ವಿಜಿಗೂ ಬಿಡಿಸಬಲ್ಲದು. ಕೀತ್ ಪ್ಯಾಕರ್ಡ್ ಮತ್ತು ಕಾರ್ಲ್ ವರ್ತ್ ಶುರು ಮಾಡಿದ ಯೋಜನೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ಇದನ್ನು ಬಳಸುತ್ತದೆ, ಪ್ರೋಗ್ರಾಮ್‌ಗಳ ಕಿಟಕಿಗಳನ್ನು ಕಟ್ಟಿಕೊಡುವ ಜಿಟಿಕೆ 3 ತನ್ನ ಗುಂಡಿ, ಪಟ್ಟಿಗಳನ್ನೆಲ್ಲ ಇದರಿಂದಲೇ ಬಿಡಿಸುತ್ತದೆ. ಅಂದರೆ ನಿಮ್ಮ ಡೆಸ್ಕ್‌ಟಾಪ್‌ನ ಅರ್ಧ ಮುಖ ಇದರ ಕೈಯಲ್ಲಿದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೈರೋದ 1.16 ಆವೃತ್ತಿ ಬಂದದ್ದು 2018ರ ಅಕ್ಟೋಬರ್‌ನಲ್ಲಿ. ಮುಂದಿನ ಸ್ಥಿರ ಆವೃತ್ತಿ 1.18 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ನಡುವೆ ಸುಮಾರು ಐದು ವರ್ಷ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ 12ನೇ ಆವೃತ್ತಿ ಬಿಡುಗಡೆಯಾದದ್ದು 2023ರ ಜೂನ್‌ನಲ್ಲಿ, ಹಾಗಾಗಿ ಅದರೊಳಗೆ ಇರುವುದು 1.16. ಡೆಬಿಯನ್ ಒಮ್ಮೆ ಬಿಡುಗಡೆಯಾದ ಮೇಲೆ ಭದ್ರತೆಯ ಮತ್ತು ಗಂಭೀರ ದೋಷಗಳ ತಿದ್ದುಪಡಿ ಬಿಟ್ಟರೆ ಆವೃತ್ತಿಯನ್ನು ಅಲುಗಾಡಿಸುವುದಿಲ್ಲ. ಈಗ ನಿಮಗೆ 1.18ರಲ್ಲಿ ಸೇರಿಸಿರುವ ‘ಹೇರ್‌ಲೈನ್’ ಸೌಲಭ್ಯ ಬೇಕು ಎನ್ನಿ. ನಕ್ಷೆಯನ್ನು ಎಷ್ಟೇ ಹಿಗ್ಗಿಸಿದರೂ ಗೆರೆ ದಪ್ಪವಾಗದೆ, ಆ ಪರದೆ ಬಿಡಿಸಬಲ್ಲ ಅತಿ ತೆಳುವಾದ ಗೆರೆಯಾಗಿಯೇ ಉಳಿಯಬೇಕು. ಕ್ಯಾಡ್ ನಕ್ಷೆ, ಸರ್ವೆ ನಕ್ಷೆ ಮಾಡುವವರಿಗೆ ಇದರ ಬೆಲೆ ಗೊತ್ತು. ಡೆಬಿಯನ್ 12ರಲ್ಲೇ ಇದ್ದುಕೊಂಡು ಅದು ಬೇಕೆಂದರೆ ಸೋರ್ಸ್‌ನಿಂದ ಕಟ್ಟಿಕೊಳ್ಳಬೇಕು. ಇನ್ನೆರಡು ಕಾರಣಗಳೂ ಇವೆ: ಚಿಕ್ಕ ಸಾಧನಕ್ಕಾಗಿ ಬೇಡದ ಭಾಗಗಳನ್ನು ಕಳಚುವುದು, ಇಲ್ಲವೇ ಲೈಬ್ರರಿಯೊಳಗಿನ ದೋಷವೊಂದನ್ನು ಹುಡುಕುವುದು. ‘ಹೊಸದು ಅಂದರೆ ವೇಗ’ ಎಂಬುದು ಕಾರಣವಲ್ಲ.

ಸೋರ್ಸ್ ಕೋಡ್ ಒಂದು ಟಾರ್ ಕಡತವಾಗಿ, ಅಂದರೆ ಹಲವು ಕಡತಗಳ ಒಂದು ಕಟ್ಟಾಗಿ ಸಿಗುತ್ತದೆ. ಪಕ್ಕದಲ್ಲೇ ಅದರ ಶಾ-256 ಮೊತ್ತವೂ (ಕಡತದ ಬೆರಳಚ್ಚಿನಂಥ ಸಂಖ್ಯೆ) ಇರುತ್ತದೆ. ಇಳಿಸಿಕೊಂಡ ಮೇಲೆ ತಾಳೆ ನೋಡಿ. ಆದರೆ ಈ ತಾಳೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಸ್ಪಷ್ಟವಿರಲಿ. ಕಡತ ದಾರಿಯಲ್ಲಿ ಕೆಟ್ಟಿಲ್ಲ ಎಂದಷ್ಟೇ ಅದು ಹೇಳುತ್ತದೆ. ಕಟ್ಟಿಕೊಟ್ಟವರೇ ಒಳಗೆ ಏನಾದರೂ ಇಟ್ಟಿದ್ದರೆ ಮೊತ್ತ ಚೆನ್ನಾಗಿಯೇ ತಾಳೆಯಾಗುತ್ತದೆ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಎಕ್ಸ್‌ಜೆಡ್ ಲೈಬ್ರರಿಯಲ್ಲಿ 2024ರ ಮಾರ್ಚ್‌ನಲ್ಲಿ ಬಯಲಾದದ್ದು ಇದೇ. ಎಲ್ಲರೂ ನೋಡುವ ಗಿಟ್ ಭಂಡಾರದಲ್ಲಿ ಇಲ್ಲದ ಕೆಲವು ಸಾಲುಗಳು ಬಿಡುಗಡೆಯ ಟಾರ್ ಕಡತದೊಳಗಿನ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ ಇದ್ದವು. ಲೈಬ್ರರಿ ಕಂಪೈಲ್ ಆಗುವಾಗ ಆ ಸಾಲುಗಳು ಕಳ್ಳಬಾಗಿಲೊಂದನ್ನು ಒಳಗೆ ಸೇರಿಸುತ್ತಿದ್ದವು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿರುವುದೇಕೆ ಎಂದು ಬೆನ್ನುಹತ್ತಿದ್ದರಿಂದ ಅದು ಬಯಲಾಯಿತು. ‘ನಾನೇ ಸೋರ್ಸ್‌ನಿಂದ ಕಟ್ಟಿದ್ದೇನೆ, ಹಾಗಾಗಿ ಸುರಕ್ಷಿತ’ ಎನ್ನುವವರನ್ನು ಕಂಡಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಕಂಪೈಲ್ ಮಾಡುವುದು ಎಂದರೆ ಅಪರಿಚಿತರು ಬರೆದ ಸ್ಕ್ರಿಪ್ಟ್‌ಗಳನ್ನು ನಿಮ್ಮ ಯಂತ್ರದ ಮೇಲೆ ಓಡಿಸುವುದು. ಆದ್ದರಿಂದ ಕಟ್ಟುವ ಹಂತದಲ್ಲಿ ರೂಟ್ (ಎಲ್ಲ ಅಧಿಕಾರವೂ ಇರುವ ಬಳಕೆದಾರ) ಆಗಿರಬೇಡಿ, ಸಾಮಾನ್ಯ ಬಳಕೆದಾರರಾಗಿಯೇ ಇರಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳೆಯ ಪುಸ್ತಕಗಳಲ್ಲಿ ಮೂರು ಮಂತ್ರಗಳನ್ನು ಓದಿರುತ್ತೀರಿ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಕೈರೋ 1.18ರಲ್ಲಿ ಕಾನ್ಫಿಗರ್ ಕಡತವೇ ಇಲ್ಲ. ಆ ಹಳೆಯ ವ್ಯವಸ್ಥೆಯನ್ನು ತೆಗೆದುಹಾಕಿ ಮೆಸನ್‌ಗೆ ಬದಲಾಗಿದ್ದಾರೆ. ಮೆಸನ್ ಸ್ವತಃ ಕಂಪೈಲ್ ಮಾಡುವುದಿಲ್ಲ. ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ತಪಾಸಣೆ ಮಾಡಿ, ಕೆಲಸದ ಪಟ್ಟಿ ಬರೆದು ನಿಂಜಾ ಎಂಬ ಇನ್ನೊಂದು ಪ್ರೋಗ್ರಾಮ್‌ಗೆ ಒಪ್ಪಿಸುತ್ತದೆ. ನಿಂಜಾ ಆ ಪಟ್ಟಿ ಹಿಡಿದು ಕಂಪೈಲರ್‌ಗೆ ಕೆಲಸ ಹಚ್ಚುತ್ತದೆ. ನಿಂಜಾದ ಹಂತ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಕೆಲವೇ ನಿಮಿಷದ್ದು, ಅದರ ಬಗ್ಗೆ ಹೇಳುವುದೇನೂ ಇಲ್ಲ. ಎಲ್ಲ ತೀರ್ಮಾನವಾಗುವುದು ಮೆಸನ್‌ನ ಹಂತದಲ್ಲಿ. ಆದರೆ ಹೆಚ್ಚಿನವರು ಕಣ್ಣು ಮುಚ್ಚುವುದೂ ಅಲ್ಲಿಯೇ.

ಏಕೆಂದು ನೋಡೋಣ. ಕೈರೋ ಒಂಟಿ ಜೀವಿಯಲ್ಲ. ಪಿಕ್ಸೆಲ್‌ಗಳನ್ನು ಬೆರೆಸುವ ಕೂಲಿ ಕೆಲಸವನ್ನು ಪಿಕ್ಸ್‌ಮ್ಯಾನ್ ಮಾಡುತ್ತದೆ. ಫಾಂಟ್ ಕಡತದಿಂದ ಅಕ್ಷರದ ಆಕಾರವನ್ನು ಫ್ರೀಟೈಪ್ ತೆಗೆಯುತ್ತದೆ. ಯಾವ ಫಾಂಟ್ ಎಲ್ಲಿದೆ ಎಂಬುದನ್ನು ಫಾಂಟ್‌ಕಾನ್ಫಿಗ್ ಹೇಳುತ್ತದೆ. ಪಿಎನ್‌ಜಿ ಬರೆಯಲು ಲಿಬ್‌ಪಿಎನ್‌ಜಿ, ಒತ್ತಿ ಚಿಕ್ಕದು ಮಾಡಲು ಜೆಡ್‌ಲಿಬ್, ಪರದೆಗೆ, ಲಿನಕ್ಸ್‌ನಲ್ಲಿ ಕಿಟಕಿಗಳನ್ನು ತೋರಿಸುವ ಎಕ್ಸ್ ವ್ಯವಸ್ಥೆಯ ಲೈಬ್ರರಿಗಳು. ಇವುಗಳಲ್ಲಿ ಪಿಕ್ಸ್‌ಮ್ಯಾನ್ ಇಲ್ಲದಿದ್ದರೆ ಕೈರೋ ಇಲ್ಲ. ಉಳಿದವು ಐಚ್ಛಿಕ. ಮೆಸನ್‌ನಲ್ಲಿ ಇಂಥ ಐಚ್ಛಿಕ ಭಾಗಕ್ಕೆ ಮೂರು ಸ್ಥಿತಿಗಳಿವೆ: ಇರಲೇಬೇಕು, ಬೇಡವೇ ಬೇಡ, ಮತ್ತು ‘ಆಟೋ’. ಆಟೋ ಎಂದರೆ ಸಿಕ್ಕರೆ ಸರಿ, ಇಲ್ಲದಿದ್ದರೆ ಬಿಡು. ಕೈರೋದಲ್ಲಿ ಬಹುಪಾಲು ಆಯ್ಕೆಗಳು ಆಟೋದಲ್ಲೇ ಇವೆ.

ಇದರ ಪರಿಣಾಮ ನೋಡಿ. ಹೊಸದಾಗಿ ಹಾಕಿದ ಡೆಬಿಯನ್‌ನಲ್ಲಿ ಜೆಡ್‌ಲಿಬ್‌ನ ಡೆವ್ ಪ್ಯಾಕೇಜ್ (ಅದರ ಮೇಲೆ ಹೊಸದನ್ನು ಕಟ್ಟಲು ಬೇಕಾದದ್ದು) ಹಾಕುವುದನ್ನು ಮರೆತು, ಸಿಗದ ಲೈಬ್ರರಿಯನ್ನು ತಾನಾಗಿ ಇಳಿಸಿಕೊಳ್ಳಬೇಡ ಎಂದು ಹೇಳಿ ಮೆಸನ್ ಓಡಿಸಿದೆವು ಎನ್ನಿ. ಅದು ಕಿರುಚುವುದಿಲ್ಲ. ‘ಜೆಡ್‌ಲಿಬ್ ಸಿಗಲಿಲ್ಲ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತದೆ. ನಿಂಜಾ ಕೊನೆಯ ಕಡತದವರೆಗೂ ಯಾವ ದೋಷವೂ ಇಲ್ಲದೆ ಓಡುತ್ತದೆ, ಇನ್‌ಸ್ಟಾಲ್ ಕೂಡ ಆಗುತ್ತದೆ. ನೀವು ಖುಷಿಯಾಗಿ ಪಿಡಿಎಫ್ ಬರೆಯುವ ಪ್ರೋಗ್ರಾಮ್ ಕಂಪೈಲ್ ಮಾಡಲು ಹೋದಾಗ ‘ಆ ಫಂಕ್ಷನ್ ನನಗೆ ಗೊತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಏಕೆಂದರೆ ಪಿಡಿಎಫ್ ಮತ್ತು ಪೋಸ್ಟ್‌ಸ್ಕ್ರಿಪ್ಟ್ ಬರೆಯುವ ಭಾಗಗಳು ಜೆಡ್‌ಲಿಬ್ ಮೇಲೆ ನಿಂತಿವೆ. ಅದು ಸಿಗಲಿಲ್ಲ, ಇವೂ ಬರಲಿಲ್ಲ. ಇದೇ ರೀತಿ ಲಿಬ್‌ಪಿಎನ್‌ಜಿ ಇಲ್ಲವಾದರೆ ಪಿಎನ್‌ಜಿ ಜೊತೆಗೆ ಎಸ್‌ವಿಜಿಯೂ ಹೋಗುತ್ತದೆ. ಪಿಎನ್‌ಜಿ ಚಿತ್ರಕ್ಕೂ ಎಸ್‌ವಿಜಿಗೂ ಏನು ಸಂಬಂಧ ಎಂದು ಕೇಳಬಹುದು. ಎಸ್‌ವಿಜಿಯೊಳಗೆ ಚಿತ್ರವೊಂದನ್ನು ಹುದುಗಿಸಬೇಕಾದಾಗ ಕೈರೋ ಅದನ್ನು ಪಿಎನ್‌ಜಿ ಆಗಿಸಿ ಇಡುತ್ತದೆ. ಈ ಸಂಬಂಧಗಳು ಹೊರಗಿನಿಂದ ಊಹೆಗೆ ಸಿಗುವಂಥವಲ್ಲ.

ನಾನು ಇಲ್ಲಿಗೆ ಬಂದದ್ದೇ ಈ ಒಂದು ವಿಷಯ ಹೇಳಲು: ಕಂಪೈಲ್ ಆಯಿತು ಎಂಬುದು ಸುದ್ದಿಯೇ ಅಲ್ಲ, ಏನು ಕಂಪೈಲ್ ಆಯಿತು ಎಂಬುದು ಸುದ್ದಿ. ನಿಮಗೆ ಬೇಕಾದ ಭಾಗಗಳನ್ನು ಆಟೋಗೆ ಬಿಡಬೇಡಿ. ಫ್ರೀಟೈಪ್, ಫಾಂಟ್‌ಕಾನ್ಫಿಗ್, ಪಿಎನ್‌ಜಿ, ಜೆಡ್‌ಲಿಬ್ ಇವಿಷ್ಟನ್ನೂ ಒಂದೊಂದಾಗಿ ಹೆಸರಿಸಿ ‘ಇರಲೇಬೇಕು’ ಎಂದು ಮೆಸನ್‌ಗೆ ಆಜ್ಞೆ ಕೊಡಿ. ಆಗ ಏನಾದರೂ ಸಿಗದಿದ್ದರೆ ಅದು ಅಲ್ಲೇ ನಿಂತು ಜಗಳ ತೆಗೆಯುತ್ತದೆ. ಆ ಜಗಳ ನಿಮಗೆ ಬೇಕು. ತಪಾಸಣೆಯ ಹಂತದಲ್ಲಿ ನಿಂತರೆ ಒಂದು ಪ್ಯಾಕೇಜ್ ಹಾಕಿ ಮುಂದುವರಿಯಬಹುದು. ತಿಂಗಳಾದ ಮೇಲೆ ಗ್ರಾಹಕರ ಯಂತ್ರದಲ್ಲಿ ನಿಂತರೆ ಎಲ್ಲಿಂದ ಹುಡುಕುತ್ತೀರಿ? ತಪಾಸಣೆ ಮುಗಿದ ಮೇಲೆ ಮೆಸನ್ ಒಂದು ಸಾರಾಂಶ ಮುದ್ರಿಸುತ್ತದೆ, ಯಾವ ಭಾಗ ಬಂತು, ಯಾವುದು ಬರಲಿಲ್ಲ ಎಂಬ ಪಟ್ಟಿ. ಉದ್ದವೇನಿಲ್ಲ. ಅದನ್ನು ಓದದೆ ನಿಂಜಾವನ್ನು ಮುಟ್ಟಬೇಡಿ.

ಇಲ್ಲಿ ಒಬ್ಬರು ಕೈ ಎತ್ತಿದರು: ‘ಸರ್, ನನ್ನ ಯಂತ್ರದಲ್ಲಿ ಫ್ರೀಟೈಪ್ ಇದ್ದೇ ಇದೆ, ಆದರೂ ಸಿಗಲಿಲ್ಲ ಅನ್ನುತ್ತದೆ, ಯಾಕೆ?’

ಎಲ್ಲರೂ ಎಡವುವ ಜಾಗ ಅದು. ಡೆಬಿಯನ್, ಉಬುಂಟುಗಳಲ್ಲಿ ಒಂದೊಂದು ಲೈಬ್ರರಿಯನ್ನೂ ಎರಡು ಪ್ಯಾಕೇಜ್ ಮಾಡಿ ಇಡುತ್ತಾರೆ. ಓಡಿಸಲು ಬೇಕಾದದ್ದು ಒಂದು, ಅದರ ಮೇಲೆ ಹೊಸದನ್ನು ಕಟ್ಟಲು ಬೇಕಾದದ್ದು ಇನ್ನೊಂದು. ಎರಡನೆಯದರ ಹೆಸರಿನ ಕೊನೆಯಲ್ಲಿ ‘ಡೆವ್’ ಎಂದಿರುತ್ತದೆ, ಫೆಡೋರಾದಲ್ಲಿ ‘ಡೆವೆಲ್’. ಹೆಡರ್ ಕಡತಗಳು (ಲೈಬ್ರರಿಯಲ್ಲಿ ಯಾವ ಫಂಕ್ಷನ್‌ಗಳಿವೆ ಎಂದು ಕಂಪೈಲರ್‌ಗೆ ಹೇಳುವ ಕಡತಗಳು) ಮತ್ತು ಪಿಸಿ ಎಂಬ ವಿಸ್ತರಣೆಯ ಪುಟ್ಟ ಪಠ್ಯ ಕಡತ ಇರುವುದು ಈ ಎರಡನೆಯದರಲ್ಲಿ. ಆ ಪಿಸಿ ಕಡತ ತೆರೆದು ನೋಡಿ, ಹತ್ತು ಹನ್ನೆರಡು ಸಾಲು ಇರುತ್ತದೆ: ನನ್ನ ಹೆಸರು ಇದು, ಆವೃತ್ತಿ ಇದು, ಹೆಡರ್‌ಗಳು ಇಲ್ಲಿವೆ, ನನ್ನನ್ನು ಜೋಡಿಸಲು ಈ ಸಾಲು ಬಳಸಿ. ಪಿಕೆಜಿ-ಕಾನ್ಫಿಗ್ ಎಂಬ ಪ್ರೋಗ್ರಾಮ್ ಈ ಕಡತಗಳನ್ನು ಓದಿ ಮೆಸನ್‌ಗೆ ವರದಿ ಕೊಡುತ್ತದೆ. ಮೆಸನ್ ‘ಸಿಗಲಿಲ್ಲ’ ಎಂದರೆ ಸಾಮಾನ್ಯವಾಗಿ ಸಿಗದಿರುವುದು ಲೈಬ್ರರಿಯಲ್ಲ, ಈ ಚೀಟಿ. ಡೆಬಿಯನ್‌ನಲ್ಲಿ ಸೋರ್ಸ್ ಭಂಡಾರವನ್ನು ಸಕ್ರಿಯ ಮಾಡಿಕೊಂಡು ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನ (apt) ‘ಬಿಲ್ಡ್-ಡೆಪ್’ ಆಜ್ಞೆಗೆ ಕೈರೋ ಎಂದು ಹೇಳಿದರೆ ಬೇಕಾದ ಡೆವ್ ಪ್ಯಾಕೇಜ್‌ಗಳನ್ನೆಲ್ಲ ಒಟ್ಟಿಗೆ ತರುತ್ತದೆ. 1.16ಕ್ಕೆ ಬೇಕಾದ ಪಟ್ಟಿ 1.18ಕ್ಕೂ ಹೆಚ್ಚುಕಡಿಮೆ ಸಾಕಾಗುತ್ತದೆ.

ಇನ್ನೊಂದು ಜಾತಿಯ ತೊಡಕಿದೆ. ಕೈರೋ ಒಂದನ್ನೇ ಅಲ್ಲ, ಅಕ್ಷರ ಬಿಡಿಸುವ ಇಡೀ ಪರಿವಾರವನ್ನೇ ಸೋರ್ಸ್‌ನಿಂದ ಕಟ್ಟಲು ಹೊರಟವರಿಗೆ ಅದು ಎದುರಾಗುತ್ತದೆ. ಅಕ್ಷರಗಳ ಆಕಾರ, ಜಾಗಗಳನ್ನು ಜೋಡಿಸಿಕೊಡುವ ಲೈಬ್ರರಿ ಹಾರ್ಫ್‌ಬಜ್. ಫ್ರೀಟೈಪ್ ಜೊತೆ ಕೆಲಸ ಮಾಡುವ ಅದರ ಭಾಗವನ್ನು ಕಟ್ಟಲು ಫ್ರೀಟೈಪ್ ಬೇಕು. ಫ್ರೀಟೈಪ್ ತನ್ನ ಆಟೋ ಹಿಂಟಿಂಗ್ (ಅಕ್ಷರದ ಅಂಚುಗಳನ್ನು ಪಿಕ್ಸೆಲ್‌ಗಳಿಗೆ ತಾನಾಗಿ ಹೊಂದಿಸುವುದು) ಪೂರ್ತಿಯಾಗಿ ಮಾಡಬೇಕಾದರೆ ಹಾರ್ಫ್‌ಬಜ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಪರಿಹಾರ ಹಳೆಯದು: ಮೊದಲು ಹಾರ್ಫ್‌ಬಜ್ ಇಲ್ಲದೆ ಫ್ರೀಟೈಪ್ ಕಟ್ಟಿ, ಅದರ ಮೇಲೆ ಹಾರ್ಫ್‌ಬಜ್ ಕಟ್ಟಿ, ಮತ್ತೆ ಹಿಂದಿರುಗಿ ಫ್ರೀಟೈಪ್ ಅನ್ನು ಇನ್ನೊಮ್ಮೆ ಕಟ್ಟುವುದು. ಎರಡನೆಯ ಸುತ್ತು ಮರೆತರೆ ಯಾವ ದೋಷ ಸಂದೇಶವೂ ಬರುವುದಿಲ್ಲ. ಮತ್ತದೇ ಆಟೋ.

ಕನ್ನಡದವರಿಗೆ ಈ ಮೌನ ಬಹಳ ದುಬಾರಿ. ಇದನ್ನು ಪರದೆಯ ಮೇಲೆ ತೋರಿಸಿದೆ, ಇಲ್ಲಿ ಬರೆದು ಹೇಳುತ್ತೇನೆ. ‘ಸೂರ್ಯ’ ಎಂಬ ಪದ ತೆಗೆದುಕೊಳ್ಳಿ. ಕಂಪ್ಯೂಟರ್ ಒಳಗೆ ಅದು ಐದು ಯೂನಿಕೋಡ್ ಸಂಕೇತಗಳು: ಸ, ಕೊಂಬಿನ ಇಳಿ, ರ, ವಿರಾಮ ಚಿಹ್ನೆ (ವ್ಯಂಜನದ ಸ್ವರ ಕಳೆಯುವ ‘್’), ಯ. ಕೈರೋದಲ್ಲಿ ಪಠ್ಯ ಬಿಡಿಸಲು ‘ಶೋ ಟೆಕ್ಸ್ಟ್’ ಎಂಬ ಸುಲಭದ ಫಂಕ್ಷನ್ ಇದೆ. ಕೈರೋದವರೇ ತಮ್ಮ ಕೈಪಿಡಿಯಲ್ಲಿ ಅದನ್ನು ಆಟಿಕೆ ಎಂದು ಕರೆದಿದ್ದಾರೆ. ಅದಕ್ಕೆ ‘ಸೂರ್ಯ’ ಕೊಟ್ಟರೆ ಒಂದೊಂದು ಸಂಕೇತಕ್ಕೂ ಒಂದೊಂದು ಆಕಾರವನ್ನು ಸಾಲಾಗಿ ಇಡುತ್ತದೆ. ರ ತನ್ನ ತಲಕಟ್ಟನ್ನು ಬಿಟ್ಟುಕೊಡದೆ ಪೂರ್ತಿ ನಿಲ್ಲುತ್ತದೆ, ವಿರಾಮ ಚಿಹ್ನೆ ಅದರ ಪಕ್ಕದಲ್ಲಿ ಅನಾಥವಾಗಿ ಕೂರುತ್ತದೆ, ಆಮೇಲೆ ಯ ಬರುತ್ತದೆ. ಅರ್ಕಾವೊತ್ತು ಎಲ್ಲಿಯೂ ಇಲ್ಲ. ನಾವು ಓದುವ ‘ಸೂರ್ಯ’ ಆಗಬೇಕಾದರೆ ಯ ಮುಂದೆ ಬಂದು, ರಕಾರ ಅರ್ಕಾವೊತ್ತಾಗಿ ಅದರ ಬಲಕ್ಕೆ ಸರಿಯಬೇಕು. ಹೀಗೆ ಸರಿಸುವ ಕೆಲಸ ಮಾಡುವುದು ಹಾರ್ಫ್‌ಬಜ್. ಫಾಂಟ್‌ನೊಳಗೆ ಬರೆದಿರುವ ಓಪನ್‌ಟೈಪ್ ನಿಯಮಗಳನ್ನು ಓದಿ, ಯಾವುದು ಒತ್ತು, ಯಾವುದು ಮೂಲಾಕ್ಷರ ಎಂದು ತೀರ್ಮಾನಿಸಿ, ಆಕಾರಗಳನ್ನು ಬದಲಿಸಿ ಜಾಗ ಹೇಳುತ್ತದೆ. ಗುಬ್ಬಿ, ನವಿಲು, ಲೋಹಿತ್ ಇಂಥ ಫಾಂಟ್‌ಗಳಲ್ಲಿ ಆ ನಿಯಮಗಳೆಲ್ಲ ಇವೆ. ಆದರೆ ಅವನ್ನು ಓದುವವರು ಬೇಕು.

ಕೈರೋ ಮತ್ತು ಹಾರ್ಫ್‌ಬಜ್ ನಡುವೆ ನಿಂತು ಸಾಲು, ಪ್ಯಾರಾ ಜೋಡಿಸುವುದು ಪ್ಯಾಂಗೋ. ಪ್ಯಾಂಗೋಗೆ ಕೈರೋದ ಫ್ರೀಟೈಪ್ ಭಾಗ ಬೇಕು. ನೀವು ಕೈರೋ ಕಟ್ಟುವಾಗ ಫ್ರೀಟೈಪ್‌ನ ಚೀಟಿ ಸಿಗದೆ ಆಟೋ ಕೈಬಿಟ್ಟಿದ್ದರೆ ಆ ಕೈರೋ ಮೇಲೆ ಲಿನಕ್ಸ್‌ನಲ್ಲಿ ಪ್ಯಾಂಗೋ ಕೂರುವುದಿಲ್ಲ, ಕನ್ನಡವೂ ಮೂಡುವುದಿಲ್ಲ. ಇಂಗ್ಲಿಷಿನಲ್ಲಿ ಬಿಡಿ ಅಕ್ಷರಗಳನ್ನು ಸಾಲಾಗಿಟ್ಟರೂ ಓದಬಹುದು. ಹಾಗಾಗಿ ಈ ಕೊರತೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ನಮಗೆ ಮೊದಲ ಒತ್ತಕ್ಷರದಲ್ಲೇ ಬೀಳುತ್ತದೆ. ಪೈಥಾನ್‌ನಲ್ಲಿ ಪಿಲ್ಲೋ ಎಂಬ ಚಿತ್ರಗಳ ಲೈಬ್ರರಿ ಬಳಸುವವರೂ ಇದನ್ನು ಕಂಡಿರುತ್ತೀರಿ. ಅದರಲ್ಲಿ ರಾಕಮ್ ಎಂಬ ಐಚ್ಛಿಕ ಭಾಗವಿದೆ, ಹಾರ್ಫ್‌ಬಜ್‌ಗೆ ಸೇತುವೆ ಅದು. ಅದಿಲ್ಲದೆ ಕಟ್ಟಿದ ಪಿಲ್ಲೋ ಕೂಡ ಮಾತಿಲ್ಲದೆ ಆಟಿಕೆ ವಿಧಾನಕ್ಕೆ ಇಳಿಯುತ್ತದೆ. ಪ್ರಮಾಣಪತ್ರದ ಮೇಲೆ ಒಡೆದ ಹೆಸರುಗಳು ಮೂಡಿದಾಗ ಎಲ್ಲರೂ ಫಾಂಟ್ ಅನ್ನು ಬೈಯುತ್ತಾರೆ. ಪಾಪ, ಫಾಂಟ್‌ನ ತಪ್ಪು ಅದರಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಗ್ರಾಫಿಕ್ಸ್ ಲೈಬ್ರರಿ ಯಾವುದನ್ನೇ ಕಟ್ಟಿದರೂ ಮೊದಲ ಪರೀಕ್ಷೆಗೆ ‘ಹಲೋ ವರ್ಲ್ಡ್’ ಬೇಡ. ‘ಸೂರ್ಯ’, ‘ಸ್ತ್ರೀ’, ‘ರಾಷ್ಟ್ರ’ ಬಿಡಿಸಿ ನೋಡಿ.

ಇನ್‌ಸ್ಟಾಲ್ ಮಾಡುವ ಜಾಗದ ಬಗ್ಗೆ. ಸಿಸ್ಟಂನ ಸ್ವಂತ ಕೈರೋ ಇರುವ ಫೋಲ್ಡರ್ ಮೇಲೆ ನಿಮ್ಮದನ್ನು ಹೇರಬೇಡಿ. ಡೆಸ್ಕ್‌ಟಾಪ್‌ನ ಅರ್ಧ ಮುಖ ಇದರ ಕೈಯಲ್ಲಿದೆ ಎಂದೆನಲ್ಲ, ನಿಮ್ಮ ಅರೆಬರೆ ಕೈರೋ ಅಲ್ಲಿ ಕೂತರೆ ಮರುದಿನ ಕಿಟಕಿಗಳೇ ತೆರೆಯದಿರಬಹುದು. ಪ್ಯಾಕೇಜ್ ಮ್ಯಾನೇಜರ್‌ಗೂ ಲೆಕ್ಕ ತಪ್ಪುತ್ತದೆ. ಮೆಸನ್ ತಾನಾಗಿ ‘ಲೋಕಲ್’ (/usr/local) ಫೋಲ್ಡರ್ ಆರಿಸುತ್ತದೆ, ಅದು ಪರವಾಗಿಲ್ಲ ಎನ್ನಬಹುದು. ಆದರೆ ಡೆಬಿಯನ್‌ನಲ್ಲಿ ಸಾಮಾನ್ಯ ಪ್ರೋಗ್ರಾಮ್‌ಗಳೂ ಆ ಫೋಲ್ಡರ್‌ನಲ್ಲಿ ಮೊದಲು ಹುಡುಕುತ್ತವೆ. ನನ್ನ ಆಯ್ಕೆ /opt ಫೋಲ್ಡರ್‌ನೊಳಗೆ ಆವೃತ್ತಿಯ ಹೆಸರಿನದೇ ಒಂದು ಪ್ರತ್ಯೇಕ ಜಾಗ. ಮೆಸನ್‌ಗೆ ಪ್ರಿಫಿಕ್ಸ್ ಎಂದು ಅದನ್ನೇ ಕೊಡುವುದು. ಹಾಗೆಯೇ ಬಿಲ್ಡ್ ಟೈಪ್ ‘ರಿಲೀಸ್’ ಎಂದು ಹೇಳುವುದನ್ನು ಮರೆಯಬೇಡಿ. ಯೋಜನೆಯವರು ಬೇರೆ ಹೇಳದಿದ್ದರೆ ಮೆಸನ್ ಹಿಡಿಯುವುದು ‘ಡೀಬಗ್’ ಅನ್ನು, ಅದರಲ್ಲಿ ಕಂಪೈಲರ್ ವೇಗದ ಯಾವ ಉಪಾಯವನ್ನೂ ಮಾಡುವುದಿಲ್ಲ. ‘ಸೋರ್ಸ್‌ನಿಂದ ಕಟ್ಟಿದೆ, ನಿಧಾನವಾಯಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಇನ್‌ಸ್ಟಾಲ್ ಆದ ಮೇಲೆ ಆ ಜಾಗದಲ್ಲಿ ನೋಡಿದರೆ ಕೈರೋ ಲೈಬ್ರರಿಗೆ ಮೂರು ಹೆಸರುಗಳು ಕಾಣುತ್ತವೆ. ನಿಜವಾದ ಕಡತ ಒಂದೇ, ಅದರ ಹೆಸರಿನ ಕೊನೆಯಲ್ಲಿ 2.11800.0 ಎಂದಿರುತ್ತದೆ. 1.18.0 ಎಂಬುದನ್ನೇ ಒಂದು ಸಂಖ್ಯೆಯಾಗಿ ಬರೆದರೆ 11800. ಬರೀ 2 ಎಂದು ಕೊನೆಯಾಗುವ ಕೊಂಡಿ ಅದರತ್ತ ಬೆರಳು ತೋರಿಸುತ್ತದೆ, ಸಂಖ್ಯೆಯೇ ಇಲ್ಲದ ಇನ್ನೊಂದು ಕೊಂಡಿಯೂ ಇದೆ. ಕಂಪೈಲ್ ಮಾಡುವಾಗ ಬಳಕೆಯಾಗುವುದು ಸಂಖ್ಯೆಯಿಲ್ಲದ್ದು, ಪ್ರೋಗ್ರಾಮ್ ಓಡುವಾಗ ಹುಡುಕುವುದು 2 ಇರುವುದನ್ನು. ಹಳೆಯ 1.16ಕ್ಕೂ ಹೊಸ 1.18ಕ್ಕೂ ಆ 2 ಒಂದೇ! ಇಲ್ಲಿಂದ ಹುಟ್ಟುವ ಪ್ರಸಂಗ ಹೀಗಿರುತ್ತದೆ: ನೀವು ಹೊಸ ಹೆಡರ್ ಬಳಸಿ ಹೇರ್‌ಲೈನ್ ಫಂಕ್ಷನ್ ಕರೆದಿದ್ದೀರಿ, ಕಂಪೈಲ್ ಆಯಿತು. ಓಡಿಸಿದಾಗ ‘ಸಿಂಬಲ್ ಸಿಗಲಿಲ್ಲ’ ಎಂದು ಪ್ರೋಗ್ರಾಮ್ ಸಾಯುತ್ತದೆ. ಕಟ್ಟಿದ್ದು ಹೊಸದರ ಮೇಲೆ, ಓಡುವಾಗ ಕೈಗೆ ಸಿಕ್ಕಿದ್ದು ಸಿಸ್ಟಂನ ಹಳೆಯ 2. ಇಂಥ ಹೊತ್ತಿನಲ್ಲಿ ‘ಎಲ್‌ಡಿಡಿ’ ಎಂಬ ಆಜ್ಞೆಗೆ ನಿಮ್ಮ ಪ್ರೋಗ್ರಾಮ್‌ನ ಹೆಸರು ಕೊಡಿ. ಯಾವ ಕೈರೋ, ಯಾವ ಫೋಲ್ಡರ್‌ನಿಂದ ಎಂದು ಅದು ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಕೈರೋದಲ್ಲೇ ಆವೃತ್ತಿ ಹೇಳುವ ಫಂಕ್ಷನ್ ಇದೆ, ಹೆಡರ್‌ನಲ್ಲೂ ಆವೃತ್ತಿಯ ಸಂಖ್ಯೆ ಇದೆ. ಎರಡನ್ನೂ ಮುದ್ರಿಸಿ ನೋಡಿ, ಬೇರೆ ಬೇರೆ ಬಂದರೆ ಕಳ್ಳ ಸಿಕ್ಕ.

ಪರಿಹಾರಕ್ಕೆ ಹೆಚ್ಚಿನವರು ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ಚರವನ್ನು ಪ್ರೊಫೈಲ್ ಕಡತದಲ್ಲಿ ಬರೆದಿಡುತ್ತಾರೆ. ಬೇಡ. ಆಗ ನಿಮ್ಮ ಇಡೀ ಡೆಸ್ಕ್‌ಟಾಪ್ ನಿಮ್ಮ ಕೈರೋವನ್ನೇ ಬಳಸತೊಡಗುತ್ತದೆ, ಪ್ರತ್ಯೇಕ ಜಾಗದಲ್ಲಿಟ್ಟ ಉದ್ದೇಶವೇ ಹಾಳಾಗುತ್ತದೆ. ಒಂದೇ ಆಜ್ಞೆಯ ಮುಂದೆ ಅದನ್ನು ಬರೆದು ಆ ಒಂದು ಓಟಕ್ಕೆ ಮಾತ್ರ ಬಳಸುವುದು ಪರವಾಗಿಲ್ಲ. ಕಾಯಂ ಬೇಕಾದರೆ ನಿಮ್ಮ ಪ್ರೋಗ್ರಾಮ್ ಅನ್ನು ಜೋಡಿಸುವಾಗಲೇ ‘ಆರ್‌ಪಾತ್’ ಬರೆದುಬಿಡಿ. ಲೈಬ್ರರಿ ಎಲ್ಲಿದೆ ಎಂಬ ವಿಳಾಸ ಆ ಪ್ರೋಗ್ರಾಮ್‌ನೊಳಗೇ ಇರುತ್ತದೆ, ನೆರೆಹೊರೆಯವರಿಗೆ ತೊಂದರೆಯಿಲ್ಲ. ಮೆಸನ್ ಬಿಲ್ಡ್ ಫೋಲ್ಡರ್‌ನಲ್ಲಿ ತಾನೇ ಆರ್‌ಪಾತ್ ಹಾಕುತ್ತದೆ, ಇನ್‌ಸ್ಟಾಲ್ ಮಾಡುವಾಗ ಅಳಿಸುತ್ತದೆ. ಬಿಲ್ಡ್ ಫೋಲ್ಡರ್‌ನಲ್ಲಿ ಓಡಿದ್ದು ಇನ್‌ಸ್ಟಾಲ್ ಆದ ಮೇಲೆ ಓಡದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಟೆಸ್ಟ್‌ಗಳ ಬಗ್ಗೆ ಒಂದೇ ಮಾತು. ಕೈರೋದ ಜೊತೆ ದೊಡ್ಡ ಪರೀಕ್ಷಾ ಕಟ್ಟೇ ಬರುತ್ತದೆ. ಬಿಡಿಸಿದ ಚಿತ್ರವನ್ನು ಇಟ್ಟುಕೊಂಡ ಮಾದರಿ ಚಿತ್ರದೊಂದಿಗೆ ಹೋಲಿಸುತ್ತದೆ. ಫಾಂಟ್, ಫ್ರೀಟೈಪ್ ಆವೃತ್ತಿ ಬೇರೆಯಿದ್ದರೆ ಕೆಲವು ಪರೀಕ್ಷೆಗಳು ಬೀಳುತ್ತವೆ. ಲೈಬ್ರರಿಯೇ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಯಾವ ಚಿತ್ರ ಎಲ್ಲಿ ವ್ಯತ್ಯಾಸವಾಗಿದೆ ಎಂದು ನೋಡಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆ ಕೇಳಿದರು: ‘ಡೆಬಿಯನ್ 13ಕ್ಕೆ ಹೋದರೆ ಸಿಸ್ಟಂನಲ್ಲೇ 1.18 ಸಿಗುತ್ತದೆ. ಆಗ ನಾವು ಕಟ್ಟಿದ್ದನ್ನು ಏನು ಮಾಡಬೇಕು?’

ತೆಗೆದುಹಾಕಬೇಕು, ಅದೇ ದಿನ. ನಿಮ್ಮ ಪ್ರತಿಗೆ ಭದ್ರತೆಯ ತಿದ್ದುಪಡಿ ತಂದುಕೊಡುವವರು ಯಾರೂ ಇಲ್ಲ, ಸಿಸ್ಟಂನದಕ್ಕೆ ಡೆಬಿಯನ್‌ನವರಿದ್ದಾರೆ. /opt ಒಳಗೆ ಪ್ರತ್ಯೇಕ ಜಾಗದಲ್ಲಿ ಇಟ್ಟಿದ್ದರೆ ಆ ಒಂದು ಫೋಲ್ಡರ್ ಅಳಿಸಿದರೆ ಮುಗಿಯಿತು. ‘ಲೋಕಲ್’ನಲ್ಲಿ ಹಾಕಿದ್ದರೆ ಬಿಲ್ಡ್ ಫೋಲ್ಡರ್‌ಗೆ ಹೋಗಿ ನಿಂಜಾಗೆ ‘ಅನ್‌ಇನ್‌ಸ್ಟಾಲ್’ ಎನ್ನಬೇಕು. ಅದು ಇನ್‌ಸ್ಟಾಲ್ ಮಾಡಿದಾಗಿನ ದಾಖಲೆ ನೋಡಿ ತೆಗೆಯುತ್ತದೆ, ಆದ್ದರಿಂದ ಬಿಲ್ಡ್ ಫೋಲ್ಡರ್ ಅನ್ನು ಅಲ್ಲಿಯವರೆಗೆ ಉಳಿಸಿಕೊಂಡಿರಬೇಕು. ಆಮೇಲೆ ಸಿಸ್ಟಂನ ಲೈಬ್ರರಿ ಪಟ್ಟಿಯನ್ನು ಹೊಸದಾಗಿ ಬರೆಯುವ ‘ಎಲ್‌ಡಿಕಾನ್ಫಿಗ್’ ಒಮ್ಮೆ ಓಡಿಸಿ. ಪಿಕೆಜಿ-ಕಾನ್ಫಿಗ್‌ಗೆ ದಾರಿ ತೋರಿಸಲು ಬರೆದ ಸಾಲು ಪ್ರೊಫೈಲ್ ಕಡತದಲ್ಲಿದ್ದರೆ ಅದನ್ನೂ ಅಳಿಸಿ. ಆರ್‌ಪಾತ್ ಬರೆದ ನಿಮ್ಮ ಪ್ರೋಗ್ರಾಮ್‌ಗಳನ್ನು ಹೊಸ ಹೆಡರ್‌ಗಳೊಂದಿಗೆ ಮತ್ತೊಮ್ಮೆ ಕಂಪೈಲ್ ಮಾಡಿ, ಎಲ್‌ಡಿಡಿ ಹಾಕಿ ಸಿಸ್ಟಂನ ಕೈರೋ ಬಂದಿದೆಯೇ ಎಂದು ಖಚಿತಪಡಿಸಿಕೊಳ್ಳಿ.